ನಮ್ಮ ಡೆಂಟಲ್ ಪ್ಲಾನಿಗೆ ನಿಜವಾಗಿ ಸೇರಿದ ದಂತವೈದ್ಯರನ್ನು ಹುಡುಕುವುದು ಹೇಗೆ?

ಯಗಚಿ, ಪ್ಲೇನೋ (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳ ಹಿಂದೆ ಕೋಡುಬಳೆ ಕಡಿಯುವಾಗ ನನ್ನ ಕೆಳಗಿನ ಎಡಗಡೆಯ ದವಡೆ ಹಲ್ಲಿನ ಒಂದು ಮೂಲೆ ಮುರಿದು ಬಂದಿತು. ವಿಪರೀತ ನೋವೇನಿಲ್ಲ, ಆದರೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ನಾಲಗೆಯ ಅಂಚು ದಿನವಿಡೀ ಆ ಚೂಪಿಗೆ ಉಜ್ಜಿ ಹುಣ್ಣಾಗಿದೆ. ಮನೆಗೆ ಹತ್ತಿರವೆಂದು ಒಂದು ಕ್ಲಿನಿಕ್ಕಿಗೆ ಹೋದೆ. ಬಾಗಿಲಲ್ಲೇ ‘ಎಲ್ಲ ಇನ್ಶೂರೆನ್ಸ್‌ಗಳನ್ನೂ ಸ್ವೀಕರಿಸುತ್ತೇವೆ’ ಎಂಬ ಫಲಕವಿತ್ತು. ರಿಸೆಪ್ಷನ್‌ನಲ್ಲಿ ಕಾರ್ಡು ತೋರಿಸಿದಾಗಲೂ ‘ತೆಗೆದುಕೊಳ್ಳುತ್ತೇವೆ’ ಎಂದರು. ಎಕ್ಸ್‌ರೇ ತೆಗೆದು ನೋಡಿ, ಕ್ರೌನ್ (ಹಲ್ಲಿನ ಮೇಲೆ ಕೂರಿಸುವ ಕವಚ) ಹಾಕಿಸಲೇಬೇಕು, 1,480 ಡಾಲರ್ ಆಗುತ್ತದೆ ಎಂದು ಹೇಳಿ ಕಳುಹಿಸಿದರು. ಮೂರು ವಾರದ ನಂತರ ಆ ದಿನದ ಪರೀಕ್ಷೆಗೇ 140 ಡಾಲರಿನ ಬಿಲ್ಲು ಮನೆಗೆ ಬಂತು. ವಿಚಾರಿಸಿದರೆ, ‘ನಾವು ನಿಮ್ಮ ನೆಟ್‌ವರ್ಕ್‌ನಲ್ಲಿಲ್ಲ, ಅಂದರೆ ನಿಮ್ಮ ಪ್ಲಾನಿನೊಂದಿಗೆ ನಮಗೆ ದರದ ಒಪ್ಪಂದವಿಲ್ಲ, ಇನ್ಶೂರೆನ್ಸಿನವರು ಕೊಟ್ಟಿದ್ದನ್ನು ಕಳೆದು ಉಳಿದದ್ದು ನಿಮ್ಮ ಪಾಲು’ ಎಂದರು.

ಈಗ ಕ್ರೌನಿಗೆ ಬೇರೆ ಕಡೆ ಹೋಗೋಣವೆಂದು ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ಹದಿನಾಲ್ಕು ಕ್ಲಿನಿಕ್‌ಗಳ ಪಟ್ಟಿ ಮಾಡಿ, ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎರಡು ಮಧ್ಯಾಹ್ನ ಕುಳಿತು ಫೋನ್ ಮಾಡಿದೆ. ಮೂರು ಸಂಖ್ಯೆಗಳು ಚಾಲ್ತಿಯಲ್ಲೇ ಇಲ್ಲ. ನಾಲ್ಕು ಕಡೆ ಪಟ್ಟಿಯಲ್ಲಿದ್ದ ವೈದ್ಯರು ಕೆಲಸ ಬಿಟ್ಟು ಹೋಗಿದ್ದಾರೆ. ಎರಡು ಕಡೆ ಈ ಪ್ಲಾನಿನ ಹೊಸ ರೋಗಿಗಳನ್ನು ನೋಡುವುದಿಲ್ಲ ಎಂದರು. ನಾಲ್ಕು ಕಡೆ ಮತ್ತೆ ಅದೇ ‘ತೆಗೆದುಕೊಳ್ಳುತ್ತೇವೆ’ ಎಂಬ ಉತ್ತರ, ಒತ್ತಿ ಕೇಳಿದಾಗ ನೆಟ್‌ವರ್ಕ್‌ನಲ್ಲಿಲ್ಲ ಎಂಬ ವಿವರಣೆ. ಉಳಿದ ಒಂದು ಫೋರ್ಟ್ ವರ್ತ್‌ನಲ್ಲಿದೆ, ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು.

ಪ್ರತಿ ಸಂಬಳದಲ್ಲೂ ಈ ಪ್ಲಾನಿಗೆಂದು ಹಣ ಹಿಡಿಯುತ್ತಾರೆ. ಹೀಗಿರುವಾಗ ನಿಜವಾಗಿ ನಮ್ಮ ಪ್ಲಾನಿಗೆ ಸೇರಿದ ವೈದ್ಯರನ್ನು ನೀವೆಲ್ಲ ಹೇಗೆ ಹುಡುಕುತ್ತೀರಿ? ದಯವಿಟ್ಟು ತಿಳಿಸಿ.

ಮಂಡ್ಯದ ಹೈದ, ಇರ್ವಿಂಗ್

ನಿಮ್ಮದು ಪಿಪಿಒ ಪ್ಲಾನೋ (ಪಟ್ಟಿಯ ಹೊರಗಿನ ವೈದ್ಯರ ಬಳಿಗೂ ಹೋಗಬಹುದಾದದ್ದು), ಡಿಎಚ್‌ಎಂಒ ಪ್ಲಾನೋ (ಗೊತ್ತುಪಡಿಸಿದ ಆಫೀಸಿಗೇ ಹೋಗಬೇಕಾದದ್ದು) ಅಕ್ಕ? ಅದು ಗೊತ್ತಾಗದೆ ಯಾರು ಏನು ಹೇಳಿದರೂ ಪ್ರಯೋಜನವಿಲ್ಲ.

ಯಗಚಿ

ಪಿಪಿಒ. ನಮ್ಮ ಯಜಮಾನರ ಕಂಪನಿಯದು. ವರ್ಷಕ್ಕೆ 1,500 ಡಾಲರ್ ಮಿತಿ ಎಂದು ಬರೆದಿದೆ.

ಕೆರೆ ಏರಿ, ಫ್ರಿಸ್ಕೋ

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಈಗ ಅಕ್ಟೋಬರ್. ಡಿಸೆಂಬರಿನಲ್ಲಿ ಊರಿಗೆ ಹೋಗುವವರಿದ್ದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸಿಕೊಂಡು ಬನ್ನಿ. ನಾನು ಎರಡು ಕ್ರೌನ್‌ಗಳನ್ನು ಅಲ್ಲಿಯೇ ಹಾಕಿಸಿದ್ದೇನೆ. ಇಲ್ಲಿ ವಿಮೆ ಕಳೆದು ನನ್ನ ಪಾಲಿಗೆ ಬರುತ್ತಿದ್ದ ಹಣಕ್ಕಿಂತ ಕಡಿಮೆಯಲ್ಲಿ ಅಲ್ಲಿ ಎಲ್ಲ ಕೆಲಸವೂ ಮುಗಿಯಿತು.

ದಾವಣಗೆರೆ ಬೆಣ್ಣೆ, ಹ್ಯೂಸ್ಟನ್

ಕೆರೆ ಏರಿಯವರೇ, ಮುರಿದ ಹಲ್ಲನ್ನು ಎರಡು ತಿಂಗಳು ಹಾಗೆಯೇ ಬಿಡಿ ಎಂದು ನಾನಂತೂ ಹೇಳಲಾರೆ. ಜುಮ್ಮೆನ್ನುತ್ತಿದೆ ಎಂದರೆ ಒಳಗಿನ ಸೂಕ್ಷ್ಮ ಪದರ ತೆರೆದುಕೊಂಡಿದೆ ಎಂದರ್ಥ. ಇಂದು ಕ್ರೌನ್‌ನಲ್ಲಿ ಮುಗಿಯುವ ಕೆಲಸ ನಾಳೆ ಬಿರುಕು ಆಳಕ್ಕಿಳಿದರೆ ರೂಟ್ ಕೆನಾಲ್ ಆಗುತ್ತದೆ, ಇನ್ನೂ ಕೆಳಗಿಳಿದರೆ ಹಲ್ಲನ್ನೇ ಕೀಳಿಸಬೇಕಾಗಬಹುದು. ಊರಿನಲ್ಲಿ ಮಾಡಿಸುವುದು ತಪ್ಪಲ್ಲ, ಅಲ್ಲಿ ಒಳ್ಳೆಯ ವೈದ್ಯರಿದ್ದಾರೆ, ನಾನೂ ದಾವಣಗೆರೆಯಲ್ಲಿಯೇ ಬಿ.ಡಿ.ಎಸ್. ಓದಿದವಳು. ಆದರೆ ಅದಕ್ಕೆ ರಜೆಯ ಮೊದಲ ವಾರದಲ್ಲೇ ಹಲ್ಲು ಕೊರೆಸಿ, ಕೊನೆಯ ವಾರಕ್ಕೆ ಮುನ್ನ ಕ್ರೌನ್ ಕೂರಿಸಿ, ಕಚ್ಚು ಸರಿಯಿದೆಯೇ ಎಂದು ನಾಲ್ಕು ದಿನ ಊಟ ಮಾಡಿ ನೋಡುವಷ್ಟು ಸಮಯ ಬೇಕು.

ಇಲ್ಲಿ ಪರವಾನಗಿ ಪಡೆಯಲು ಮತ್ತೆ ಪರೀಕ್ಷೆ ಬರೆದು ಎರಡು ಮೂರು ವರ್ಷ ಓದಬೇಕಾದ್ದರಿಂದ ನಾನು ಸದ್ಯಕ್ಕೆ ಒಂದು ಡೆಂಟಲ್ ಆಫೀಸಿನ ಫ್ರಂಟ್ ಡೆಸ್ಕಿನಲ್ಲಿ ಇನ್ಶೂರೆನ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಆರು ವರ್ಷಗಳಿಂದ ದಿನವೂ ಈ ಪ್ರಶ್ನೆಯ ಇನ್ನೊಂದು ತುದಿಯಲ್ಲಿ ಕುಳಿತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

‘ನೀವು ನನ್ನ ಇನ್ಶೂರೆನ್ಸ್ ತೆಗೆದುಕೊಳ್ಳುತ್ತೀರಾ’ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಪ್ರತಿಯೊಂದು ಆಫೀಸೂ ಹೌದು ಎನ್ನುತ್ತದೆ. ಆ ‘ಹೌದು’ ಎಂಬುದಕ್ಕೆ ಇರುವ ಅರ್ಥ, ನಿಮ್ಮ ಪರವಾಗಿ ವಿಮಾ ಕಂಪನಿಗೆ ಕ್ಲೇಮ್, ಅಂದರೆ ಹಣದ ಬೇಡಿಕೆ, ಕಳುಹಿಸುತ್ತೇವೆ ಎಂಬುದಷ್ಟೆ. ಯಾವ ಪಿಪಿಒ ಕಾರ್ಡಿಗಾದರೂ ಯಾವ ಆಫೀಸಾದರೂ ಕ್ಲೇಮ್ ಕಳುಹಿಸಬಹುದು. ನೀವು ಕೇಳಬೇಕಾದದ್ದು, ‘ಇಂಥ ಹೆಸರಿನ ನೆಟ್‌ವರ್ಕಿನೊಂದಿಗೆ, ನನ್ನನ್ನು ನೋಡುವ ಇಂಥ ವೈದ್ಯರು, ಇದೇ ವಿಳಾಸದಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆಯೇ’ ಎಂದು. ಈ ಮೂರರಲ್ಲಿ ಒಂದು ತಪ್ಪಿದರೂ ಬಿಲ್ಲು ಬರುತ್ತದೆ.

ವೈದ್ಯರ ಹೆಸರು ಏಕೆಂದರೆ, ಒಪ್ಪಂದವಾಗುವುದು ಆಯಾ ವೈದ್ಯರ ಹತ್ತಂಕಿಯ ಎನ್‌ಪಿಐ ಎಂಬ ಗುರುತು ಸಂಖ್ಯೆಯೊಂದಿಗೆ. ಒಂದೇ ಛಾವಣಿಯ ಕೆಳಗೆ ಮೂವರು ವೈದ್ಯರಿದ್ದರೆ ಇಬ್ಬರು ಒಳಗೂ ಒಬ್ಬರು ಹೊರಗೂ ಇರಬಹುದು. ವಿಳಾಸ ಏಕೆಂದರೆ, ಅದೇ ವೈದ್ಯರು ಸೋಮವಾರ ಒಂದು ಶಾಖೆಯಲ್ಲಿ, ಗುರುವಾರ ಇನ್ನೊಂದು ಶಾಖೆಯಲ್ಲಿ ಕುಳಿತರೆ ಒಂದು ಕಡೆಯ ಒಪ್ಪಂದ ಇನ್ನೊಂದು ಕಡೆಗೆ ಅನ್ವಯಿಸದೆ ಹೋಗಬಹುದು. ಇನ್ನು ನೆಟ್‌ವರ್ಕಿನ ಹೆಸರು, ಎಲ್ಲರೂ ಎಡವುವುದು ಇಲ್ಲಿಯೇ. ಕಾರ್ಡಿನ ಮೇಲೆ ದೊಡ್ಡದಾಗಿರುವುದು ವಿಮಾ ಕಂಪನಿಯ ಹೆಸರು. ಒಂದೇ ಕಂಪನಿಗೆ ಎರಡು ಮೂರು ನೆಟ್‌ವರ್ಕ್‌ಗಳಿರುತ್ತವೆ. ಉದಾಹರಣೆಗೆ ಡೆಲ್ಟಾ ಡೆಂಟಲ್‌ನಲ್ಲಿ ಪಿಪಿಒ ಮತ್ತು ಪ್ರೀಮಿಯರ್ ಎಂಬ ಎರಡು ಬೇರೆ ಬೇರೆ ನೆಟ್‌ವರ್ಕ್‌ಗಳಿವೆ, ಎರಡರ ದರಪಟ್ಟಿಯೂ ಬೇರೆ. ಕೆಲವು ಕಂಪನಿಗಳು ತಮ್ಮದೇ ನೆಟ್‌ವರ್ಕ್ ಇಲ್ಲದೆ ಇನ್ನೊಬ್ಬರದ್ದನ್ನು ಬಾಡಿಗೆಗೆ ಪಡೆದಿರುತ್ತವೆ. ಆ ಹೆಸರು ಕಾರ್ಡಿನ ಹಿಂಬದಿಯಲ್ಲಿ, ಕೆಳಮೂಲೆಯಲ್ಲಿ, ಕಣ್ಣಿಗೆ ಬೀಳದಷ್ಟು ಚಿಕ್ಕ ಅಕ್ಷರದಲ್ಲಿರುತ್ತದೆ.

ಯಗಚಿಯವರೇ, ನಿಮ್ಮ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ.

ಯಗಚಿ

ಮೇಡಂ, ನೋಡಿದೆ. ಮುಂಬದಿಯಲ್ಲಿ ಇಲ್ಲದ ಒಂದು ಹೆಸರು ಹಿಂಬದಿಯಲ್ಲಿ, ಕ್ಲೇಮ್ ಕಳುಹಿಸುವ ವಿಳಾಸದ ಕೆಳಗೆ ಇದೆ. ಮೂರು ವರ್ಷದಿಂದ ಈ ಕಾರ್ಡು ಪರ್ಸಿನಲ್ಲಿದೆ, ಇವತ್ತೇ ಮೊದಲ ಸಲ ಓದುತ್ತಿದ್ದೇನೆ. ವೆಬ್‌ಸೈಟಿನಲ್ಲಿ ಹುಡುಕುವಾಗ ‘ಪ್ಲಾನ್ ಆಯ್ಕೆ ಮಾಡಿ’ ಎಂಬ ಪಟ್ಟಿಯಲ್ಲಿ ಮೊದಲಿಗೆ ಇದ್ದುದನ್ನೇ ಒತ್ತಿದ್ದೆ. ನಾಳೆ ಈ ಹೆಸರಿನಿಂದ ಹುಡುಕುತ್ತೇನೆ.

ಬಯಲುಸೀಮೆ, ಆಸ್ಟಿನ್

ದಾವಣಗೆರೆ ಮೇಡಂ ಹೇಳಿದ್ದು ಸರಿ, ಆದರೆ ಎಲ್ಲ ಹೊಣೆಯನ್ನೂ ರೋಗಿಯ ತಲೆಗೇ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬಾಗಿಲಿಗೆ ‘ಎಲ್ಲವನ್ನೂ ಸ್ವೀಕರಿಸುತ್ತೇವೆ’ ಎಂದು ಫಲಕ ಹಾಕುವುದು, ಒಳಗೆ ಬಂದವರಿಂದ ಸಹಿ ಹಾಕಿಸಿಕೊಳ್ಳುವುದು, ಮೂರು ವಾರ ಕಳೆದ ಮೇಲೆ ಬಿಲ್ಲು ಕಳುಹಿಸುವುದು, ಇದು ದುರಾಸೆಯೇ ಹೊರತು ಬೇರೇನಲ್ಲ. ನೆಟ್‌ವರ್ಕ್‌ನಲ್ಲಿಲ್ಲ ಎಂಬ ಒಂದು ಮಾತನ್ನು ಹಲ್ಲು ನೋಡುವ ಮುಂಚೆ ಹೇಳಲು ಅವರಿಗೆ ಏನು ಕಷ್ಟವಿತ್ತು?

ದಾವಣಗೆರೆ ಬೆಣ್ಣೆ

ಮೊದಲೇ ಹೇಳಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳದೆ ಯಾರನ್ನೂ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಆದರೆ ವೈದ್ಯರು ನೆಟ್‌ವರ್ಕ್ ಬಿಟ್ಟು ಹೋಗುವುದಕ್ಕೆಲ್ಲ ದುರಾಸೆ ಎಂಬ ಒಂದೇ ಹೆಸರು ಕೊಡಬೇಡಿ. ಒಂದು ಲೆಕ್ಕ ಹೇಳುತ್ತೇನೆ, ಅಂಕಿಗಳು ಕೇವಲ ಉದಾಹರಣೆಗೆ. ಆಫೀಸಿನ ಸ್ವಂತ ದರ ಒಂದು ಕ್ರೌನಿಗೆ 1,500 ಡಾಲರ್ ಇದೆ ಎನ್ನಿ. ನೆಟ್‌ವರ್ಕಿನ ಒಪ್ಪಂದದ ದರ 900. ನೆಟ್‌ವರ್ಕ್‌ನಲ್ಲಿರುವ ವೈದ್ಯರು ಉಳಿದ 600 ಡಾಲರನ್ನು ಬಿಟ್ಟುಕೊಡಬೇಕು, ನಿಮ್ಮಿಂದ ಕೇಳುವಂತಿಲ್ಲ. ಆ 900ರಲ್ಲಿಯೇ ಕ್ರೌನ್ ಮಾಡುವ ಲ್ಯಾಬಿನ ಬಿಲ್ಲು, ಸಹಾಯಕರ ಸಂಬಳ, ಬಾಡಿಗೆ ಎಲ್ಲ ಬರಬೇಕು. ಲ್ಯಾಬಿನ ದರ, ಸಂಬಳ, ಬಾಡಿಗೆ ವರ್ಷ ವರ್ಷ ಏರುತ್ತವೆ, ಒಪ್ಪಂದದ ದರಪಟ್ಟಿ ಹಾಗೆಯೇ ಕುಳಿತಿರುತ್ತದೆ. ಒಬ್ಬರೇ ನಡೆಸುವ ಸಣ್ಣ ಆಫೀಸು ಒಂದು ದಿನ ಇದು ಸಾಗದು ಎಂದು ಒಪ್ಪಂದ ಬಿಡುತ್ತದೆ, ವಿಮಾ ಕಂಪನಿಯ ಪಟ್ಟಿಯಲ್ಲಿ ಮಾತ್ರ ಹೆಸರು ತಿಂಗಳುಗಟ್ಟಲೆ ಉಳಿದಿರುತ್ತದೆ.

ಇನ್ನೊಂದು ವಿಷಯ. ನೆಟ್‌ವರ್ಕಿನ ಹೊರಗೆ ಹೋದರೆ ಯಾವಾಗಲೂ ಮುಳುಗಿಹೋದೆವು ಎಂದೇನೂ ಅಲ್ಲ. ಕೆಲವು ಪಿಪಿಒ ಪ್ಲಾನ್‌ಗಳು ಹೊರಗಿನ ವೈದ್ಯರಿಗೆ ಆ ಪ್ರದೇಶದ ಸಾಮಾನ್ಯ ದರದ ಆಧಾರದಲ್ಲಿ ಹಣ ಕೊಡುತ್ತವೆ. ಅಂಥಲ್ಲಿ ವ್ಯತ್ಯಾಸ ಸ್ವಲ್ಪವೇ. ಇನ್ನು ಕೆಲವು, ಹೊರಗಿನವರಿಗೂ ಒಪ್ಪಂದದ ದರದ ಲೆಕ್ಕದಲ್ಲೇ ಕೊಡುತ್ತವೆ. ಅಂಥಲ್ಲಿ ವ್ಯತ್ಯಾಸವೆಲ್ಲ ನಿಮ್ಮ ಮೇಲೆ ಬೀಳುತ್ತದೆ. ನಿಮ್ಮದು ಯಾವುದು ಎಂದು ವಿಮಾ ಕಂಪನಿಗೆ ಫೋನ್ ಮಾಡಿ ಕೇಳಿ.

ಬಯಲುಸೀಮೆ

ಲೆಕ್ಕ ಅರ್ಥವಾಯಿತು. ಫಲಕದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸಿಯಾಟಲ್ ಮಳೆ

ನನ್ನ ಮಟ್ಟಿಗೆ ಇದನ್ನು ವಿಮೆ ಎಂದು ಕರೆಯುವುದೇ ನಮ್ಮೆಲ್ಲರ ಗೊಂದಲಕ್ಕೆ ಮೂಲ. ಮೆಡಿಕಲ್ ವಿಮೆಯಲ್ಲಿ ವರ್ಷಕ್ಕೆ ನಾವು ಕೊಡುವ ಹಣಕ್ಕೆ ಒಂದು ಮಿತಿಯಿದೆ, ಅದನ್ನು ದಾಟಿದರೆ ಉಳಿದದ್ದನ್ನು ಅವರು ಭರಿಸುತ್ತಾರೆ. ಡೆಂಟಲ್‌ನಲ್ಲಿ ಇದು ತಲೆಕೆಳಗು. ಮಿತಿಯಿರುವುದು ಅವರು ಕೊಡುವ ಹಣಕ್ಕೆ, ಅದನ್ನು ದಾಟಿದರೆ ಉಳಿದದ್ದೆಲ್ಲ ನಮ್ಮದು. ದೊಡ್ಡ ಕಾಯಿಲೆ ಬಂದಾಗ ಕೈಹಿಡಿಯುವುದು ವಿಮೆ, ಸಣ್ಣ ಖರ್ಚಿಗೆ ರಿಯಾಯಿತಿ ಕೊಟ್ಟು ದೊಡ್ಡ ಖರ್ಚಿನಲ್ಲಿ ಕೈಬಿಡುವುದನ್ನು ಏನೆಂದು ಕರೆಯಬೇಕು?

ಇದು ಶುರುವಾದ ಕತೆ ನಮ್ಮ ಈ ಪಶ್ಚಿಮ ತೀರದ್ದೇ. 1954ರಲ್ಲಿ ಇಲ್ಲಿನ ಬಂದರು ಕಾರ್ಮಿಕರ ಸಂಘ ತಮ್ಮ ಮಕ್ಕಳ ಹಲ್ಲಿನ ಚಿಕಿತ್ಸೆಗೆ ವ್ಯವಸ್ಥೆ ಬೇಕೆಂದು ದಂತವೈದ್ಯರ ಸಂಘಗಳೊಂದಿಗೆ ಮಾತನಾಡಿದ್ದರಿಂದ ಈ ಪ್ಲಾನ್‌ಗಳು ಹುಟ್ಟಿದವು. ಮಕ್ಕಳ ಹುಳುಕು ಹಲ್ಲು ಸರಿಪಡಿಸಲು ಹುಟ್ಟಿದ ವ್ಯವಸ್ಥೆ ಅದು. 1970ರ ದಶಕದಲ್ಲೇ ಇದ್ದ 1,000 ಡಾಲರಿನ ವಾರ್ಷಿಕ ಮಿತಿ ಇಂದಿಗೂ ಎಷ್ಟೋ ಪ್ಲಾನ್‌ಗಳಲ್ಲಿ ಹಾಗೆಯೇ ಇದೆ.

ಬಾಸ್ಟನ್ ಕನ್ನಡಿಗ

ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಜನರು ಇದಕ್ಕೆ ಒಂದು ಉತ್ತರ ಕೊಟ್ಟಿದ್ದಾರೆ. 2022ರ ನವೆಂಬರಿನ ಚುನಾವಣೆಯಲ್ಲಿ ಎರಡನೆಯ ಪ್ರಶ್ನೆಯಾಗಿ ಇದು ಮತಕ್ಕೆ ಬಂದಿತ್ತು. ಡೆಂಟಲ್ ವಿಮಾ ಕಂಪನಿಗಳು ಸಂಗ್ರಹಿಸಿದ ಪ್ರೀಮಿಯಂನಲ್ಲಿ ಕನಿಷ್ಠ 83 ಶೇಕಡಾ ಚಿಕಿತ್ಸೆಗೇ ಖರ್ಚಾಗಬೇಕು, ಇಲ್ಲದಿದ್ದರೆ ಗ್ರಾಹಕರಿಗೆ ಹಣ ಹಿಂದಿರುಗಿಸಬೇಕು ಎಂಬುದು ಅದರ ಸಾರ. ಹತ್ತರಲ್ಲಿ ಏಳು ಮಂದಿ ಬೇಕು ಎಂದರು, 2024ರ ಜನವರಿಯಿಂದ ಅದು ಜಾರಿಗೆ ಬಂದಿದೆ. ಇದರಿಂದ ವೈದ್ಯರನ್ನು ಹುಡುಕುವುದು ನಾಳೆಯೇ ಸುಲಭವಾಗುತ್ತದೆ ಎಂದು ನಾನು ಹೇಳುತ್ತಿಲ್ಲ, ಆದರೆ ಪ್ರೀಮಿಯಂ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಧಿಕಾರವಾದರೂ ಬಂದಿದೆ.

ತುಂಗೆಯ ತಟ, ಸ್ಯಾನ್ ಹೋಸೆ

ಎಲ್ಲರೂ ಪಿಪಿಒ ಎನ್ನುತ್ತಿದ್ದೀರಿ, ಡಿಎಚ್‌ಎಂಒ ಬಗ್ಗೆ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ನಮ್ಮದು ಅದೇ ಪ್ಲಾನ್, ಎಂಟು ವರ್ಷವಾಯಿತು. ಪ್ರೀಮಿಯಂ ಕಡಿಮೆ, ವಾರ್ಷಿಕ ಮಿತಿ ಇಲ್ಲ, ಯಾವ ಕೆಲಸಕ್ಕೆ ಎಷ್ಟು ಎಂಬ ದರಪಟ್ಟಿ ಮೊದಲೇ ಕೈಯಲ್ಲಿರುತ್ತದೆ. ನನ್ನ ಪತ್ನಿಗೆ ಒಂದೇ ವರ್ಷ ಎರಡು ರೂಟ್ ಕೆನಾಲ್, ಎರಡು ಕ್ರೌನ್ ಆದವು. ಪಿಪಿಒ ಆಗಿದ್ದರೆ ಮಿತಿ ಎರಡನೆಯ ಹಲ್ಲಿಗೆ ಮುಗಿದುಹೋಗುತ್ತಿತ್ತು.

ಮಂಡ್ಯದ ಹೈದ

ಸರ್, ನಿಮಗೆ ಒಳ್ಳೆಯ ಆಫೀಸು ಸಿಕ್ಕಿದೆ, ಅದು ಅದೃಷ್ಟ. ನಮಗೆ ಗೊತ್ತುಪಡಿಸಿದ್ದ ಆಫೀಸಿನಲ್ಲಿ ಬರೀ ಕ್ಲೀನಿಂಗಿಗೆ ಐದು ತಿಂಗಳು ಕಾಯಬೇಕಿತ್ತು. ಬೇರೆ ಆಫೀಸಿಗೆ ಬದಲಾಯಿಸಿ ಎಂದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಎಂದರು. ಪಟ್ಟಿಯ ಹೊರಗೆ ಹೋದರೆ ಒಂದು ಡಾಲರ್ ಕೂಡ ಕೊಡುವುದಿಲ್ಲ. ತಜ್ಞರ ಬಳಿಗೆ ಹೋಗಬೇಕಾದರೆ ಆ ಆಫೀಸಿನವರ ಶಿಫಾರಸು ಚೀಟಿ ಬೇಕು. ಎರಡು ವರ್ಷ ಸಹಿಸಿ ಪಿಪಿಒಗೆ ಬಂದೆವು.

ದಾವಣಗೆರೆ ಬೆಣ್ಣೆ

ಇಬ್ಬರ ಮಾತೂ ನಿಜ. ಡಿಎಚ್‌ಎಂಒದಲ್ಲಿ ಆಫೀಸಿಗೆ ಪ್ರತಿ ಸದಸ್ಯರ ಲೆಕ್ಕದಲ್ಲಿ ತಿಂಗಳಿಗೆ ಒಂದು ನಿಗದಿತ ಮೊತ್ತ ಬರುತ್ತದೆ, ನೀವು ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಹಾಗಾಗಿ ಕೆಲವು ಆಫೀಸುಗಳು ಈ ಪ್ಲಾನಿನವರಿಗೆ ವಾರದಲ್ಲಿ ಕೆಲವೇ ಗಂಟೆಗಳನ್ನು ಮೀಸಲಿಡುತ್ತವೆ. ಅದನ್ನು ಆರಿಸುವ ಮುಂಚೆ, ಅಂದರೆ ನವೆಂಬರಿನ ಓಪನ್ ಎನ್‌ರೋಲ್‌ಮೆಂಟ್ (ಪ್ಲಾನ್ ಆರಿಸಲು ವರ್ಷಕ್ಕೊಮ್ಮೆ ಸಿಗುವ ಅವಧಿ) ಮುಗಿಯುವ ಮುಂಚೆ, ಹತ್ತಿರದ ಎರಡು ಆಫೀಸುಗಳಿಗೆ ಫೋನ್ ಮಾಡಿ, ‘ಈ ಪ್ಲಾನಿನ ಹೊಸ ರೋಗಿಗೆ ಮೊದಲ ಅಪಾಯಿಂಟ್‌ಮೆಂಟ್ ಯಾವಾಗ ಸಿಗುತ್ತದೆ’ ಎಂದು ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ನಿವೃತ್ತ ಮೇಷ್ಟ್ರು, ಎಡಿಸನ್ (ನ್ಯೂಜೆರ್ಸಿ)

ನಾನು ಮಗನ ಮನೆಗೆ ಗ್ರೀನ್ ಕಾರ್ಡಿನ (ಇಲ್ಲಿನ ಕಾಯಂ ವಾಸದ ಪರವಾನಗಿ) ಮೇಲೆ ಬಂದು ಏಳು ವರ್ಷವಾಯಿತು. ಐದು ವರ್ಷ ತುಂಬಿದ ಮೇಲೆ ಮೆಡಿಕೇರ್, ಅಂದರೆ ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಸಿಕ್ಕಿತು, ಅದರಲ್ಲಿ ಹಲ್ಲಿನ ಚಿಕಿತ್ಸೆಯೂ ಇರುತ್ತದೆ ಎಂದು ನಂಬಿಕೊಂಡಿದ್ದೆ. ಇಲ್ಲ. 1965ರಲ್ಲಿ ಆ ಕಾನೂನು ಬಂದಾಗಲೇ ದಿನನಿತ್ಯದ ದಂತ ಚಿಕಿತ್ಸೆಯನ್ನು ಹೊರಗಿಟ್ಟಿದ್ದಾರೆ. ಮಗ ಈಗ ಮೆಡಿಕೇರ್ ಅಡ್ವಾಂಟೇಜ್ (ಅದನ್ನೇ ಖಾಸಗಿ ಕಂಪನಿ ನಡೆಸುವ ಬಗೆ) ಪ್ಲಾನಿಗೆ ಸೇರಿಸಿದ್ದಾನೆ, ಅದರಲ್ಲಿ ಡೆಂಟಲ್ ಇದೆ, ಆದರೆ ಯಗಚಿಯವರು ಬರೆದ ಕತೆಯೇ ನನ್ನದೂ. ನನಗೆ ಕಾರು ಓಡಿಸಲು ಬರುವುದಿಲ್ಲ. ಪಟ್ಟಿಯಲ್ಲಿರುವ ವೈದ್ಯರು ಇಪ್ಪತ್ತೈದು ಮೈಲಿ ದೂರದಲ್ಲಿದ್ದರೆ ಮಗ ಅರ್ಧ ದಿನ ರಜೆ ಹಾಕಬೇಕು. ಮೇಲಿನ ಕಟ್ಟುಹಲ್ಲು ಸಡಿಲವಾಗಿ ಮೂರು ತಿಂಗಳಿನಿಂದ ಅನ್ನವನ್ನು ಮೆತ್ತಗೆ ಕಲಸಿ ಉಣ್ಣುತ್ತಿದ್ದೇನೆ. ನನ್ನಂಥವರಿಗೆ ಬೇರೆ ದಾರಿಯಿದೆಯೇ?

ಕರಾವಳಿ ಕಿರಣ, ನ್ಯೂಯಾರ್ಕ್

ಮೇಷ್ಟ್ರೇ ನಮಸ್ಕಾರ. ಡೆಂಟಲ್ ಕಾಲೇಜುಗಳನ್ನು ವಿಚಾರಿಸಿ. ನಮ್ಮ ತಂದೆಯವರಿಗೆ ಕಟ್ಟುಹಲ್ಲಿನ ಸೆಟ್ ಮಾಡಿಸಿದ್ದು ಇಲ್ಲಿನ ನ್ಯೂಯಾರ್ಕ್ ವಿಶ್ವವಿದ್ಯಾಲಯದ (ಎನ್‌ವೈಯು) ಡೆಂಟಲ್ ಕಾಲೇಜಿನಲ್ಲಿ. ವಿದ್ಯಾರ್ಥಿಗಳು ಮಾಡುತ್ತಾರೆ, ಪ್ರತಿ ಹಂತದಲ್ಲೂ ಅಧ್ಯಾಪಕರು ಬಂದು ನೋಡಿ ಒಪ್ಪಿದ ಮೇಲೆಯೇ ಮುಂದಿನ ಹಂತ. ಹೊರಗಿನ ಆಫೀಸಿನಲ್ಲಿ ಒಂದು ಗಂಟೆಯ ಕೆಲಸ ಅಲ್ಲಿ ಮೂರು ಗಂಟೆ ಹಿಡಿಯುತ್ತದೆ, ಆರೇಳು ಸಲ ಹೋಗಬೇಕಾಯಿತು, ಆದರೆ ಖರ್ಚು ಬಹಳ ಕಡಿಮೆ. ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಡೆಂಟಲ್ ಕಾಲೇಜು ನುವಾರ್ಕ್‌ನಲ್ಲಿದೆ. ಎಡಿಸನ್‌ನಿಂದ ರೈಲಿದೆ, ಮಗ ರಜೆ ಹಾಕಬೇಕಾಗಿಲ್ಲ. ಪ್ಲಾನ್ ಕಾರ್ಡಿನ ವಿವರ ಕೊಟ್ಟು, ಅಲ್ಲಿ ನಡೆಯುತ್ತದೆಯೇ ಎಂದು ಮೊದಲು ಫೋನ್ ಮಾಡಿ ಕೇಳಿ.

ಡಲ್ಲಾಸ್‌ನವರಿಗೂ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಡೆಂಟಲ್ ಕಾಲೇಜು ಊರಿನೊಳಗೇ ಇದೆ.

ನಿವೃತ್ತ ಮೇಷ್ಟ್ರು

ಉಪಕಾರವಾಯಿತು ಮಗು. ನಾಳೆಯೇ ಫೋನ್ ಮಾಡಿಸುತ್ತೇನೆ.

ಕೊಡಗಿನ ಕಾಫಿ, ಷಾರ್ಲಟ್

ಇದೇ ಎಳೆಯಲ್ಲಿ ಒಂದು ಮಾತು ಸೇರಿಸುತ್ತೇನೆ. ತಂದೆ ತಾಯಿಯರನ್ನು ಆರು ತಿಂಗಳಿಗೆ ಕರೆಸಿಕೊಳ್ಳುವವರು ವಿಸಿಟರ್ ಇನ್ಶೂರೆನ್ಸ್ ಇದೆ ಎಂದು ಹಲ್ಲಿನ ವಿಷಯದಲ್ಲಿ ನಿಶ್ಚಿಂತರಾಗಬೇಡಿ. ಸಾಮಾನ್ಯವಾಗಿ ಅದರಲ್ಲಿ ಇರುವುದು ಅಪಘಾತದಿಂದ ಹಲ್ಲು ಮುರಿದರೆ ಅಥವಾ ಹಠಾತ್ತನೆ ತೀವ್ರ ನೋವು ಬಂದರೆ ಒಂದು ಸಣ್ಣ ಮೊತ್ತ. ನಮ್ಮ ಅತ್ತೆಯವರು ಬಂದ ಎರಡನೇ ವಾರದಲ್ಲೇ ಅವರ ಹಳೆಯ ಹುಳುಕು ಹಲ್ಲು ಊದಿಕೊಂಡಿತು, ಮೊದಲೇ ಇದ್ದ ತೊಂದರೆ ಎಂದು ಏನನ್ನೂ ಕೊಡಲಿಲ್ಲ. ವಿಮಾನ ಹತ್ತುವ ಒಂದು ತಿಂಗಳ ಮುಂಚೆ ಊರಿನಲ್ಲೇ ಪೂರ್ತಿ ಪರೀಕ್ಷೆ ಮಾಡಿಸಿ.

ಹೊಸ ಬೆಳಗು, ರ‍್ಯಾಲಿ

ಗಂಡ ಹೆಂಡತಿ ಇಬ್ಬರಿಗೂ ಕಂಪನಿಯ ಡೆಂಟಲ್ ಇದ್ದರೆ ಎರಡರಲ್ಲೂ ಹೆಸರು ಸೇರಿಸುವುದು ಲಾಭವೇ? ವೈದ್ಯರು ಒಂದು ಪ್ಲಾನಿಗೆ ಸೇರಿದ್ದರೆ ಸಾಕೇ, ಎರಡಕ್ಕೂ ಸೇರಿರಬೇಕೇ?

ದಾವಣಗೆರೆ ಬೆಣ್ಣೆ

ನಿಮ್ಮ ಚಿಕಿತ್ಸೆಗೆ ನಿಮ್ಮ ಕಂಪನಿಯ ಪ್ಲಾನೇ ಮೊದಲನೆಯದು, ಗಂಡನದ್ದು ಎರಡನೆಯದು. ಮಕ್ಕಳಿಗೆ ಮಾತ್ರ ಹುಟ್ಟುಹಬ್ಬದ ನಿಯಮವಿದೆ: ತಂದೆ ತಾಯಿಯರಲ್ಲಿ ಯಾರ ಹುಟ್ಟುಹಬ್ಬ ವರ್ಷದಲ್ಲಿ ಮೊದಲು ಬರುತ್ತದೋ ಅವರ ಪ್ಲಾನ್ ಮೊದಲನೆಯದು. ಹುಟ್ಟಿದ ಇಸವಿ ಲೆಕ್ಕಕ್ಕಿಲ್ಲ. ನಿಮ್ಮದು ಮಾರ್ಚ್, ಅವರದು ಆಗಸ್ಟ್ ಆದರೆ ನಿಮ್ಮದೇ. ಇದನ್ನು ತಿಳಿಯದೆ ಹಿಂದುಮುಂದಾಗಿ ಕ್ಲೇಮ್ ಕಳುಹಿಸಿದರೆ ಎರಡೂ ಕಡೆಯಿಂದ ವಾಪಸ್ಸು ಬರುತ್ತದೆ.

ಎರಡು ಪ್ಲಾನ್ ಇದ್ದರೆ ಲಾಭವೇ ಎಂಬುದು ಎರಡನೆಯ ಪ್ಲಾನಿನ ಒಂದು ಷರತ್ತಿನ ಮೇಲೆ ನಿಂತಿದೆ. ಮೊದಲನೆಯದು ಕೊಟ್ಟಿರುವ ಮೊತ್ತ ತಾನು ಕೊಡಬೇಕಾದ್ದಕ್ಕೆ ಸಮನಾಗಿದ್ದರೆ ತಾನು ಏನನ್ನೂ ಕೊಡುವುದಿಲ್ಲ ಎನ್ನುವ ಷರತ್ತು ಅನೇಕ ಕಂಪನಿ ಪ್ಲಾನ್‌ಗಳಲ್ಲಿರುತ್ತದೆ. ಇಬ್ಬರದ್ದೂ 50 ಶೇಕಡಾ ಎಂದು ಸೇರಿಸಿ 100 ಎಂದುಕೊಂಡು ಬಂದವರು ಬೇಸರಪಟ್ಟುಕೊಂಡದ್ದನ್ನು ನೋಡಿದ್ದೇನೆ. ನೆಟ್‌ವರ್ಕಿನ ಪ್ರಶ್ನೆಗೆ, ಮೊದಲನೆಯ ಪ್ಲಾನಿಗೆ ವೈದ್ಯರು ಸೇರಿರುವುದು ಮುಖ್ಯ.

ಪಾತ್ರೆ ಪರಡಿ, ಫೀನಿಕ್ಸ್

ಕಳೆದ ತಿಂಗಳು ಕೆಲಸ ಹೋಯಿತು. ಮಗನಿಗೆ ಹಲ್ಲಿನ ಕ್ಲಿಪ್ ಅರ್ಧದಲ್ಲಿದೆ. ವೈದ್ಯರನ್ನು ಬದಲಾಯಿಸುವ ಸ್ಥಿತಿಯಿಲ್ಲ. ಏನು ಮಾಡಲಿ?

ಬಯಲುಸೀಮೆ

ಧೈರ್ಯವಾಗಿರಿ. ಕೋಬ್ರಾ (ಕೆಲಸ ಹೋದ ಮೇಲೂ ಕಂಪನಿಯ ವಿಮೆಯನ್ನು ಸ್ವಂತ ಹಣದಲ್ಲಿ ಮುಂದುವರಿಸಲು ಬಿಡುವ ಕಾನೂನು) ಪತ್ರ ಬಂದಿರುತ್ತದೆ ನೋಡಿ, ಅದನ್ನು ಬದಿಗಿಡಬೇಡಿ. ಮುಂದುವರಿಸುವುದಾಗಿ ತಿಳಿಸಲು 60 ದಿನ ಸಮಯವಿದೆ, ಕೆಲಸ ಹೋದ ಕಾರಣಕ್ಕಾದರೆ 18 ತಿಂಗಳವರೆಗೆ ಹಳೆಯ ಪ್ಲಾನನ್ನೇ ಇಟ್ಟುಕೊಳ್ಳಬಹುದು. ಮೆಡಿಕಲ್ ಪ್ರೀಮಿಯಂ ಕಂಡು ಹೆದರಿ ಇಡೀ ಪತ್ರವನ್ನೇ ಬಿಟ್ಟುಬಿಡುತ್ತಾರೆ, ಆದರೆ ಡೆಂಟಲ್ ಬೇರೆ ಪ್ಲಾನ್ ಆಗಿದ್ದರೆ ಅದೊಂದನ್ನೇ ಮುಂದುವರಿಸಬಹುದು. ಮೊತ್ತ ಅದರದ್ದು ಅಷ್ಟೇನೂ ಇರುವುದಿಲ್ಲ. ಎರಡು ವರ್ಷದ ಹಿಂದೆ ನನಗೂ ಹೀಗೆಯೇ ಆದಾಗ ಅದನ್ನೇ ಮಾಡಿದೆ. ಹೊಸದಾಗಿ ನೀವೇ ಕೊಳ್ಳುವ ವೈಯಕ್ತಿಕ ಪ್ಲಾನ್‌ಗಳಲ್ಲಿ ಕ್ರೌನ್, ಕ್ಲಿಪ್‌ನಂಥ ದೊಡ್ಡ ಕೆಲಸಕ್ಕೆ ಹಲವು ಸಲ ಒಂದು ವರ್ಷ ಕಾಯಬೇಕಾಗುತ್ತದೆ, ಈಗಾಗಲೇ ಶುರುವಾದ ಕೆಲಸವನ್ನು ಒಪ್ಪದೆಯೂ ಇರಬಹುದು.

ಪಾತ್ರೆ ಪರಡಿ

ಪತ್ರ ಸಿಕ್ಕಿತು ಸರ್. ಇನ್ನೂ 34 ದಿನ ಇದೆ. ತುಂಬಾ ಧನ್ಯವಾದಗಳು.

ಯಗಚಿ

ಎಲ್ಲರಿಗೂ ವರದಿ ಒಪ್ಪಿಸಬೇಕು. ಕಾರ್ಡಿನ ಹಿಂದಿನ ಹೆಸರಿನಿಂದ ಹುಡುಕಿದಾಗ ಬೇರೆಯೇ ಪಟ್ಟಿ ಬಂತು. ಐದು ಕಡೆ ಫೋನ್ ಮಾಡಿದೆ. ದಾವಣಗೆರೆ ಮೇಡಂ ಹೇಳಿಕೊಟ್ಟ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಅದನ್ನೇ ಓದಿದೆ. ವ್ಯತ್ಯಾಸ ಆ ಕ್ಷಣವೇ ಗೊತ್ತಾಯಿತು. ಮೊದಲಾದರೆ ಕೂಡಲೇ ‘ಹೌದು, ತೆಗೆದುಕೊಳ್ಳುತ್ತೇವೆ’ ಎನ್ನುತ್ತಿದ್ದರು. ಈಗ ‘ಒಂದು ನಿಮಿಷ ಇರಿ, ನೋಡಿ ಹೇಳುತ್ತೇನೆ’ ಎಂದು ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ. ಆರು ಮೈಲಿ ದೂರದಲ್ಲಿ ಒಂದು ಆಫೀಸು ಸಿಕ್ಕಿದೆ. ಇಬ್ಬರು ವೈದ್ಯರಲ್ಲಿ ಒಬ್ಬರು ಮಾತ್ರ ನಮ್ಮ ನೆಟ್‌ವರ್ಕ್‌ನಲ್ಲಿದ್ದಾರೆ, ಅವರಿಗೇ ಗುರುವಾರಕ್ಕೆ ಬರೆಸಿದ್ದೇನೆ. ಅವರ ಎನ್‌ಪಿಐ ಸಂಖ್ಯೆ ಪಡೆದು ವಿಮಾ ಕಂಪನಿಗೂ ಫೋನ್ ಮಾಡಿ ದೃಢಪಡಿಸಿಕೊಂಡೆ.

ದಾವಣಗೆರೆ ಬೆಣ್ಣೆ

ಬಹಳ ಸಂತೋಷ. ವಿಮಾ ಕಂಪನಿಯವರೊಂದಿಗೆ ಮಾತನಾಡಿದಾಗ ಕರೆಯ ಉಲ್ಲೇಖ ಸಂಖ್ಯೆ, ದಿನಾಂಕ, ಮಾತನಾಡಿದವರ ಹೆಸರು ಬರೆದುಕೊಂಡಿರಿ ತಾನೆ? ನಾಳೆ ಅವರು ಮಾತು ಬದಲಿಸಿದರೆ ಅದೇ ನಿಮ್ಮ ಆಧಾರ.

ಇನ್ನೊಂದು ಕೆಲಸ ಮಾಡಿ. ಹಲ್ಲು ಕೊರೆಯುವ ಮುಂಚೆ ‘ಪ್ರೀ-ಟ್ರೀಟ್‌ಮೆಂಟ್ ಎಸ್ಟಿಮೇಟ್’ ಕಳುಹಿಸಿ ಎಂದು ಆಫೀಸಿಗೆ ಹೇಳಿ. ಎಕ್ಸ್‌ರೇ ಸಮೇತ ಅವರು ಕಳುಹಿಸಿದರೆ, ದರ ಎಷ್ಟು, ಪ್ಲಾನ್ ಕೊಡುವುದೆಷ್ಟು, ನಿಮ್ಮ ಪಾಲೆಷ್ಟು ಎಂದು ಬರಹದಲ್ಲಿ ಬರುತ್ತದೆ. ಅದು ನೂರಕ್ಕೆ ನೂರು ಗ್ಯಾರಂಟಿಯಲ್ಲ, ಆದರೆ ಬಾಯಿಮಾತಿಗಿಂತ ಎಷ್ಟೋ ಮೇಲು. ಕ್ರೌನ್‌ನ ದಿನಾಂಕವನ್ನೂ ವಿಚಾರಿಸಿ. ಅನೇಕ ಪ್ಲಾನ್‌ಗಳು ಹಲ್ಲು ಕೊರೆದ ದಿನವನ್ನಲ್ಲ, ಕ್ರೌನ್ ಕೂರಿಸಿದ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಡಿಸೆಂಬರ್ ಕೊನೆಗೆ ಕೊರೆದು ಜನವರಿಯಲ್ಲಿ ಕೂರಿಸಿದರೆ ಅದು ಮುಂದಿನ ವರ್ಷದ ಮಿತಿಗೆ ಹೋಗುತ್ತದೆ.

ತುಂಗೆಯ ತಟ

ಕ್ಲೀನಿಂಗ್ ವಿಷಯದಲ್ಲೂ ದಿನಾಂಕ ನೋಡಿಕೊಳ್ಳಿ. ‘ವರ್ಷಕ್ಕೆ ಎರಡು ಸಲ’ ಎಂಬುದೂ ‘ಆರು ತಿಂಗಳಿಗೊಮ್ಮೆ’ ಎಂಬುದೂ ಒಂದೇ ಅಲ್ಲ. ಹಳೆಯ ಪ್ಲಾನಿನಲ್ಲಿ ನಾನು ಆರು ತಿಂಗಳಿಗೆ ಎರಡು ದಿನ ಮುಂಚೆ ಹೋಗಿದ್ದಕ್ಕೆ ಪೂರ್ತಿ ಹಣ ಕೈಯಿಂದ ಕಟ್ಟಿದ್ದೇನೆ.

ಯಗಚಿ

ಎಸ್ಟಿಮೇಟ್ ಇಂದು ಅಂಚೆಯಲ್ಲಿ ಬಂತು. ಒಪ್ಪಂದದ ದರ 940 ಡಾಲರ್, ಡಿಡಕ್ಟಿಬಲ್ (ಮೊದಲು ನಾನೇ ಭರಿಸಬೇಕಾದ ಮೊತ್ತ) 50, ಪ್ಲಾನ್ ಕೊಡುವುದು 445, ನನ್ನ ಪಾಲು 495. ಹೊರಗಿನವರಿಗೂ ನಮ್ಮ ಪ್ಲಾನ್ ಒಪ್ಪಂದದ ದರದ ಲೆಕ್ಕದಲ್ಲೇ ಕೊಡುತ್ತದೆ ಎಂದು ಫೋನಿನಲ್ಲಿ ತಿಳಿಯಿತು. ಅಂದರೆ ಮೊದಲಿನ ಕ್ಲಿನಿಕ್‌ನಲ್ಲೇ ಮಾಡಿಸಿದ್ದರೆ 1,480ರಲ್ಲಿ ಅದೇ 445 ಕಳೆದು 1,035 ಡಾಲರ್ ನಾನು ಕಟ್ಟಬೇಕಿತ್ತು. ಆ ಎರಡು ಕಾಗದಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ಯಜಮಾನರಿಗೆ ತೋರಿಸಿದೆ.

ಆ 140 ಡಾಲರಿನ ಬಿಲ್ಲಿಗೆ ಏನಾದರೂ ಮಾಡಬಹುದೇ?

ಮಂಡ್ಯದ ಹೈದ

ದೂರು ಕೊಡಿ ಅಕ್ಕ. ಕಾರ್ಡಿನ ಮೇಲೆ ಟಿಡಿಐ ಅಥವಾ ಡಿಒಐ ಎಂಬ ಅಕ್ಷರಗಳಿದ್ದರೆ ಅದು ಟೆಕ್ಸಾಸ್ ವಿಮಾ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ತಪ್ಪು ಸಂಖ್ಯೆಗಳನ್ನು ತುಂಬಿದ ಪಟ್ಟಿಯ ಬಗ್ಗೆ ಅವರಿಗೆ ಬರೆಯಬಹುದು. ಅಕ್ಷರಗಳಿಲ್ಲದಿದ್ದರೆ ಕಂಪನಿಯೇ ಹಣ ಹಾಕಿ ನಡೆಸುವ ಪ್ಲಾನ್ ಇರಬಹುದು, ಆಗ ಯಜಮಾನರ ಕಂಪನಿಯ ಎಚ್‌ಆರ್ ವಿಭಾಗವೇ ಗತಿ.

ದಾವಣಗೆರೆ ಬೆಣ್ಣೆ

ಅದರ ಜೊತೆಗೆ ಕ್ಲಿನಿಕ್‌ಗೆ ಒಂದು ಪತ್ರ ಬರೆಯಿರಿ. ಬಾಗಿಲಿನ ಫಲಕದ ಮಾತು, ರಿಸೆಪ್ಷನ್‌ನವರ ಉತ್ತರ, ದಿನಾಂಕ, ಇಷ್ಟೇ ಸಾಕು, ಕೋಪದ ಮಾತು ಬೇಡ. ಕಾನೂನಿನ ಪ್ರಕಾರ ಅವರು ಬಿಡಲೇಬೇಕೆಂದಿಲ್ಲ. ಆದರೆ ಇಂಥ ಪತ್ರ ನಮ್ಮ ಮೇಜಿಗೆ ಬಂದಾಗ ಮ್ಯಾನೇಜರ್ ಒಪ್ಪಂದದ ದರಕ್ಕೆ ಇಳಿಸಿದ್ದನ್ನು ನಾನು ಕಂಡಿದ್ದೇನೆ. ಎಕ್ಸ್‌ರೇ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿ. ಹೊಸ ಆಫೀಸಿನಲ್ಲಿ ಮತ್ತೆ ತೆಗೆದರೆ ಪ್ಲಾನ್ ಎರಡನೆಯದಕ್ಕೆ ಹಣ ಕೊಡದಿರಬಹುದು.

ಕೆರೆ ಏರಿ

495 ಡಾಲರಿಗಾದರೆ ಇಲ್ಲಿಯೇ ಮಾಡಿಸಿ ಯಗಚಿಯವರೇ, ಡಿಸೆಂಬರಿನವರೆಗೆ ಕಾಯಬೇಡಿ. ನನ್ನ ಕಾರ್ಡನ್ನೂ ತಿರುಗಿಸಿ ನೋಡಿದೆ, ಹಿಂಬದಿಯಲ್ಲಿ ಬೇರೆ ಹೆಸರೇ ಇದೆ.

ಕೊಡಗಿನ ಕಾಫಿ

ನಮ್ಮದರಲ್ಲಿ ಹಿಂಬದಿಯಲ್ಲಿ ಏನೂ ಇಲ್ಲವಲ್ಲ? ಮೊಬೈಲಿನಲ್ಲಿರುವ ಕಾರ್ಡು ಮಾತ್ರ ಇದೆ.

ದಾವಣಗೆರೆ ಬೆಣ್ಣೆ

ಆ್ಯಪಿನಲ್ಲಿ ಕಾರ್ಡಿನ ಚಿತ್ರವನ್ನು ಒತ್ತಿದರೆ ಹಿಂಬದಿ ತೆರೆದುಕೊಳ್ಳುತ್ತದೆ. ಅಲ್ಲೂ ಕಾಣದಿದ್ದರೆ ಎಚ್‌ಆರ್‌ನವರು ಕೊಡುವ ಪ್ಲಾನಿನ ಪುಸ್ತಿಕೆಯ ಮೊದಲ ಎರಡು ಪುಟಗಳಲ್ಲಿ ನೆಟ್‌ವರ್ಕಿನ ಹೆಸರಿರುತ್ತದೆ.